ದತ್ತಕ ಮತ್ತು ಮುಪ್ಪಿನ ಆಸರೆ: ನರಗುಂದ ಪರಿಸರದ ಒಂದು ಅಧ್ಯಯನ

1858ರ ನರಗುಂದ ಬಂಡಾಯವನ್ನು ಕುರಿತ ಬರಹಗಳಲ್ಲಿ ದತ್ತಕದ ನಿರಾಕರಣೆಯು ಒಂದು ಕಾರಣವಾಗಿ ತಪ್ಪದೆ ಉಲ್ಲೇಖಗೊಳ್ಳುತ್ತದೆ. ಆದರೆ ಒಂದೆರಡು ವಾಕ್ಯಗಳಾಚೆಗೆ ಅದರ ಚರ್ಚೆ ಬೆಳೆಯುವುದು ಅಪರೂಪ. ನಿಃಶಸ್ತ್ರೀಕರಣ, ಇನಾಂ ಆಯೋಗದ ಕಿರುಕುಳ, ಮುಂಡರಗಿ ಭೀಮರಾಯನ ಹೋರಾಟ, ಮ್ಯಾನ್ಸನ್ನನ ಕೊಲೆ ಇವುಗಳತ್ತಲೇ ಸಂಶೋಧಕರ ಗಮನ ಹರಿದಿದೆ. ಗಾದಿಗೆ ಉತ್ತರಾಧಿಕಾರಿ ಎಂಬ ರಾಜಕೀಯ ಅರ್ಥವೇ ಮುಂದಾಗಿ, ದತ್ತಕವು ಮುಪ್ಪಿನ ಕಾಲಕ್ಕೆ ಮನೆತನವೊಂದು ಮೊದಲೇ ಮಾಡಿಕೊಳ್ಳುತ್ತಿದ್ದ ಏರ್ಪಾಡು ಎಂಬ ಅಂಶ ಮರೆಯಾಗಿದೆ.

ಈ ಭಾಗದ ವ್ಯವಹಾರಧರ್ಮಕ್ಕೆ ಆಧಾರವಾಗಿದ್ದುದು ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದ ವಿಜ್ಞಾನೇಶ್ವರನ ಮಿತಾಕ್ಷರ. ಪಾಲು ಯಾರಿಗೆ ಎಂಬ ಪ್ರಶ್ನೆಯ ಜೊತೆಯಲ್ಲೇ ಪೋಷಣೆ ಯಾರಿಗೆ ಎಂಬುದನ್ನೂ ಅದು ವಿಚಾರಿಸುತ್ತದೆ. ಕುರುಡುತನ, ಹೆಳವುತನ ಮೊದಲಾದ ಕಾರಣಗಳಿಂದ ಪಾಲಿಗೆ ಎರವಾದವರನ್ನೂ ಪಾಲು ಪಡೆದವರು ಪೋಷಿಸಬೇಕು. ಆಸ್ತಿಯೂ ಹೊಣೆಯೂ ಒಂದೇ ನೊಗದ ಎರಡು ಎತ್ತುಗಳು ಎಂಬ ಈ ತಿಳಿವಳಿಕೆಯ ಹಿನ್ನೆಲೆಯಲ್ಲಿ ನೋಡಿದರೆ, ದತ್ತುಮಗನು ಹೊಲಮನೆಗಳೊಡನೆ ವೃದ್ಧ ತಂದೆತಾಯಿಯರನ್ನೂ, ವಿಧವೆಯರನ್ನೂ, ಶ್ರಾದ್ಧಕರ್ಮಗಳನ್ನೂ ವಹಿಸಿಕೊಳ್ಳುತ್ತಿದ್ದನು.

19ನೆಯ ಶತಮಾನದ ನಡುಭಾಗದಲ್ಲಿ ನರಗುಂದ ಭಾವೆ ಮನೆತನದ ಸಂಸ್ಥಾನ. ರೋಣ ಕಂಪನಿಯ ನೇರ ಆಡಳಿತದ ಧಾರವಾಡ ಜಿಲ್ಲೆಗೆ ಸೇರಿದ್ದಿತು. 1787ರ ಮರಾಠ–ಟಿಪ್ಪು ಒಪ್ಪಂದದಿಂದ ಹೆಸರಾದ ಗಜೇಂದ್ರಗಡ ಘೋರ್ಪಡೆ ಮನೆತನದ ಹಿಡಿತದಲ್ಲಿದ್ದಿತು. ನೆರೆಹೊರೆಯ ಈ ಸ್ಥಳಗಳಲ್ಲಿ ದತ್ತಕದ ಬೆಲೆ ಒಂದೇ ಆಗಿರಲಿಲ್ಲ. ರೋಣದ ಒಕ್ಕಲಿಗನು ದತ್ತು ತೆಗೆದುಕೊಳ್ಳಲು ಸರಕಾರದ ಅಪ್ಪಣೆ ಬೇಡ, ಸಂಸ್ಥಾನಿಕನಿಗೆ ಬೇಕು. ಸಾಮಾನ್ಯನ ಮನೆಯಲ್ಲಿ ಕಂಪನಿಗೆ ಗಳಿಸಲು ಏನೂ ಇರಲಿಲ್ಲವೆಂಬುದೇ ಈ ಔದಾರ್ಯದ ಕಾರಣವಾಗಿರಬೇಕು.

ನರಗುಂದದ ಭಾಸ್ಕರರಾವ್ ಉರುಫ್ ಬಾಬಾಸಾಹೇಬನಿಗೆ ಗಂಡುಸಂತಾನವಿರಲಿಲ್ಲ. ದತ್ತಕಕ್ಕೆ ಅನುಮತಿ ಬೇಡಿದನು, ಸಿಗಲಿಲ್ಲ. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನ ದತ್ತಕವನ್ನು ಥ್ಯಾಕರೆ ಒಪ್ಪದಿದ್ದುದರ ಪರಿಣಾಮವನ್ನು ಈ ಸೀಮೆ ಮರೆತಿರಲಿಲ್ಲ. ಅದರ ಮೇಲೆ 1852ರ 11ನೆಯ ಕಾಯ್ದೆಯನ್ವಯ ಇನಾಂ ಆಯೋಗ ಸನದುಗಳನ್ನು ಕೆದಕತೊಡಗಿದ್ದಿತು. ರಾಜಕೀಯ ಪ್ರತಿನಿಧಿ ಮ್ಯಾನ್ಸನ್ ಮೊದಲು ಆ ಆಯೋಗದಲ್ಲಿ ದುಡಿದವನು. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ಅವನ ಹತ್ಯೆಯಾಯಿತು. ಜೂನ್ ಮೊದಲ ದಿನಗಳಲ್ಲಿಯೇ ನರಗುಂದ ಬಿದ್ದಿತು. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಲಾಯಿತು. ಅವನ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಪ್ರಾಣಬಿಟ್ಟರು. ದತ್ತಕವು ನಡೆದಿದ್ದರೆ ಅದರ ಆಸರೆ ಮೊದಲು ಸಲ್ಲಬೇಕಾಗಿದ್ದುದು ಈ ಇಬ್ಬರು ಹೆಂಗಸರಿಗೆ. ವೀರಗಾಥೆಯ ಅಂಚಿನಲ್ಲಿ ಅವರನ್ನು ನಿಲ್ಲಿಸಿ ಮುಂದೆ ಸಾಗುವ ಇತಿಹಾಸಲೇಖನದ ರೂಢಿ ಮರುಪರಿಶೀಲನೆಗೆ ಅರ್ಹವಾಗಿದೆ.

ಬಂಡಾಯದ ತರುವಾಯ ಸರಕಾರದ ನಿಲುವು ಬದಲಾಯಿತು. 1862ರಲ್ಲಿ ಲಾರ್ಡ್ ಕ್ಯಾನಿಂಗ್ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಡಿಸಿದನು. ಬಾಬಾಸಾಹೇಬನ ಮಲಸಹೋದರನ ರಾಮದುರ್ಗಕ್ಕೆ ಇಂಥ ಸನದು ದೊರೆಯಿತು. ನರಗುಂದವೋ ಅಷ್ಟರಲ್ಲಿ ಜಪ್ತಿಯಾಗಿದ್ದಿತು. ಒಂದೇ ವಂಶದ ಎರಡು ಮನೆಗಳಲ್ಲಿ ಒಂದಕ್ಕೆ ನಾಲ್ಕೇ ವರ್ಷಗಳ ಅಂತರದಲ್ಲಿ ದಕ್ಕಿದುದು ಇನ್ನೊಂದಕ್ಕೆ ದಕ್ಕಲಿಲ್ಲ.

ಸಾಮಾನ್ಯ ಮನೆತನಗಳ ದತ್ತಕವು ದಫ್ತರಗಳಲ್ಲಿ ಕಾಣಿಸುವುದು ಹೆಚ್ಚಾಗಿ ವ್ಯಾಜ್ಯಗಳ ರೂಪದಲ್ಲಿ. ಮುಂಬಯಿ ಪ್ರಾಂತದಲ್ಲಿ, ಪಾಲಾಗಿ ಬೇರೆಯಿದ್ದ ಗಂಡನು ಸತ್ತರೆ, ಅವನ ಮುಂಚಿನ ಅಪ್ಪಣೆಯಿಲ್ಲದೆಯೂ ವಿಧವೆ ದತ್ತು ತೆಗೆದುಕೊಳ್ಳಬಹುದಾಗಿತ್ತು. ಬಂಗಾಳದಲ್ಲಿ ಗಂಡನ ಅಪ್ಪಣೆಯಿಲ್ಲದೆ ಇದು ಸಾಧ್ಯವಿರಲಿಲ್ಲ. ಮದರಾಸಿನಲ್ಲಿ ಅಪ್ಪಣೆಯಿಲ್ಲದಿದ್ದರೆ ಸಪಿಂಡರ ಒಪ್ಪಿಗೆ ಬೇಕಿತ್ತು. ಹೀಗೆ ಧಾರವಾಡ ಸೀಮೆಯ ವಿಧವೆಗೆ ತನ್ನ ಮುಪ್ಪಿನ ಏರ್ಪಾಡನ್ನು ತಾನೇ ಮಾಡಿಕೊಳ್ಳುವ ಅವಕಾಶವಿದ್ದಿತು. ಅಪಾಯವೂ ಅಲ್ಲಿಯೇ ಇದ್ದಿತು: ದತ್ತು ಮುಗಿದೊಡನೆ ಆಸ್ತಿ ಹುಡುಗನದು, ಅವಳಿಗೆ ಉಳಿಯುವುದು ಜೀವನಾಂಶ ಮಾತ್ರ. ಆದಕಾರಣ ತಾನು ಬದುಕಿರುವವರೆಗೆ ಇಂತಿಷ್ಟು ಹೊಲ ತನ್ನ ವಶದಲ್ಲಿರತಕ್ಕದ್ದೆಂದು ದತ್ತಕಕ್ಕೆ ಮುನ್ನವೇ ಕರಾರು ಬರೆಯಿಸಿಕೊಳ್ಳುವ ಪರಿಪಾಠ ಬೆಳೆಯಿತು. ಮದರಾಸಿನ ಮೇಲ್ಮನವಿಯೊಂದರಲ್ಲಿ ಪ್ರಿವಿ ಕೌನ್ಸಿಲ್ 1927ರಲ್ಲಿ ವಿಧವೆಯ ಪರವಾದ ಇಂಥ ಕರಾರುಗಳನ್ನು ಮಾನ್ಯ ಮಾಡಿತು. ಲಿಂಗಾಯತರಲ್ಲಿ ದ್ವ್ಯಾಮುಷ್ಯಾಯಣವೆಂಬ ಪದ್ಧತಿಯನ್ನೂ ಮುಂಬಯಿಯ ನ್ಯಾಯಾಲಯ ಪರಿಗಣಿಸಿದುದುಂಟು. ಅದರಲ್ಲಿ ಹುಡುಗನು ಹಡೆದವರಿಗೂ ಸಾಕಿದವರಿಗೂ ಮಗನಾಗಿಯೇ ಉಳಿಯುತ್ತಾನೆ.

ಹೊಲವಿಲ್ಲದವರ ಪಾಡು ಬೇರೆ. ದತ್ತುಮಗನನ್ನು ಕರೆತರಲು ಅಥವಾ ಮನೆಅಳಿಯನನ್ನು ಇಟ್ಟುಕೊಳ್ಳಲು ಬೇಕಾದ ಆಸ್ತಿಯೇ ಅವರಲ್ಲಿರಲಿಲ್ಲ. ಬಳ್ಳಾರಿ–ಧಾರವಾಡ ಸೀಮೆಯಲ್ಲಿ ಗಂಡುಮಕ್ಕಳಿಲ್ಲದ ಕೆಲವು ಮನೆಗಳು ಮಗಳನ್ನು ಬಸವಿ ಬಿಡುತ್ತಿದ್ದವು. ಅವಳು ಮದುವೆಯಾಗದೆ ತವರಿನಲ್ಲಿದ್ದು, ಮಗನ ಸ್ಥಾನದಲ್ಲಿ ನಿಂತು, ತಂದೆತಾಯಿಯರ ಮುಪ್ಪನ್ನು ನೋಡಿಕೊಂಡು ಅವರ ಅಂತ್ಯಕ್ರಿಯೆಗಳನ್ನು ನಡೆಸಬೇಕಾಗಿತ್ತು. ಇದನ್ನು ಕೇವಲ ಧಾರ್ಮಿಕ ಮೌಢ್ಯವೆಂದು ಬಗೆದರೆ ಅದರ ಹಿಂದಿನ ಲೆಕ್ಕಾಚಾರ ಕಾಣುವುದಿಲ್ಲ. ಹಿರಿಯರ ಆಸರೆಗಾಗಿ ಮಗಳ ಇಡೀ ಬಾಳನ್ನು ಒತ್ತೆಯಿಟ್ಟ ಕ್ರೌರ್ಯ ಅದು. 1982ರ ಕರ್ನಾಟಕ ದೇವದಾಸಿ ಕಾಯ್ದೆ ಇಂಥ ಸಮರ್ಪಣೆಯನ್ನು ನಿಷೇಧಿಸಿತು.

1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೆಯ ಪ್ರಕರಣವು ತಮ್ಮನ್ನು ತಾವು ಪೋಷಿಸಿಕೊಳ್ಳಲಾರದ ವೃದ್ಧ ತಂದೆತಾಯಿಯರ ಹೊಣೆಯನ್ನು ಮಗನ ಜೊತೆಗೆ ಮಗಳಿಗೂ ವಹಿಸಿತು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಬರುವ ಹಕ್ಕು ಕರ್ನಾಟಕದ ಹೆಣ್ಣುಮಕ್ಕಳಿಗೆ ದೊರೆತುದು 1994ರಲ್ಲಿ. ಹೊಣೆ ಮೊದಲು ಬಂದಿತು, ಸಮಪಾಲು 38 ವರ್ಷ ತಡವಾಗಿ. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯು ದತ್ತಕದ ಹಳೆಯ ತರ್ಕಕ್ಕೆ ಮತ್ತೆ ಹತ್ತಿರವಾಗುತ್ತದೆ. ಮಕ್ಕಳಿಲ್ಲದ ಹಿರಿಯರನ್ನು, ಅವರ ಆಸ್ತಿ ಯಾರ ವಶದಲ್ಲಿದೆಯೋ ಅಥವಾ ಯಾರಿಗೆ ಸಲ್ಲಲಿದೆಯೋ ಆ ಬಂಧುವು ಪೋಷಿಸಬೇಕು. ಆರೈಕೆಯ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಷರತ್ತು ಮುರಿದಾಗ, ಉಪವಿಭಾಗಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಯಲ್ಲಿ ರದ್ದುಪಡಿಸಿಕೊಳ್ಳಬಹುದು. ಆದರೆ ಷರತ್ತನ್ನು ಪತ್ರದಲ್ಲಿಯೇ ಬರೆಯಿಸಿಟ್ಟರೆ ಕ್ಷೇಮ. ಬಾಯಿಮಾತಿನ ಭರವಸೆಯ ಮೇಲೆ ಸಹಿ ಹಾಕಿದ ಹಿರಿಯರು ಅದನ್ನು ರುಜುವಾತುಪಡಿಸಲು ಕಷ್ಟಪಡಬೇಕಾಗುತ್ತದೆ. ದತ್ತಕಕ್ಕೆ ಮುನ್ನ ಕರಾರು ಬರೆಯಿಸಿಕೊಳ್ಳುತ್ತಿದ್ದ ವಿಧವೆಯರಿಗೆ ಈ ಎಚ್ಚರ ಹಿಂದೆಯೇ ಇದ್ದಿತು.