ಸಿದ್ದಿ ಕಿಶೋರರ ಓಟ

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ತಪ್ಪಿಸಿಕೊಂಡವರು ಘಟ್ಟದ ಅರಣ್ಯವನ್ನು ಆಶ್ರಯಿಸಿದರು. ಗುಲಾಮರನ್ನು ಕೊಂಡು ಮಾರಿದವರು ಕ್ರೈಸ್ತರೆನಿಸಿಕೊಂಡವರೇ ಎಂಬುದನ್ನು ನಾವು ತಲೆತಗ್ಗಿಸಿಯೇ ನೆನೆಯಬೇಕು. ಇಂದು ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕ್ರೈಸ್ತರು ಮೂವರೂ ಇದ್ದಾರೆ. ಹಳಿಯಾಳದ ಕಡೆಯ ಹಲವರು ಕಥೋಲಿಕರು. ಕೊಂಕಣಿ, ಕನ್ನಡಗಳನ್ನು ಮಾತೃಭಾಷೆಯಂತೆ ಆಡುವ ಈ ಮಕ್ಕಳನ್ನು ಪೇಟೆಯಲ್ಲಿ ಕಂಡವರು ಮಾತ್ರ 'ನೀವು ಯಾವ ದೇಶದವರು?' ಎಂದು ಕೇಳುವುದುಂಟು. ಹದಿನಾಲ್ಕರ ಬಾಲಕನಿಗೆ ಆ ಪ್ರಶ್ನೆ ಎಷ್ಟು ನೋಯಿಸುವುದೆಂದು ಹೇಳಬೇಕಾಗಿಲ್ಲ.

1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸಿದ್ದಿ ಕಿಶೋರ ಕಿಶೋರಿಯರನ್ನು ಆರಿಸಿ ಕ್ರೀಡಾವಸತಿಗಳಲ್ಲಿ ತರಬೇತಿ ನೀಡುವ ಯೋಜನೆಯನ್ನು ಕೈಗೊಂಡಿತು. ಆಗ ಕೇಂದ್ರದಲ್ಲಿ ಕ್ರೀಡಾ ಖಾತೆಯ ರಾಜ್ಯ ಸಚಿವೆಯಾಗಿದ್ದ ಶ್ರೀಮತಿ ಮಾರ್ಗರೆಟ್ ಆಳ್ವರು ಇದಕ್ಕೆ ಬೆಂಬಲವಾಗಿ ನಿಂತರು. ಆಫ್ರಿಕದ ಓಟಗಾರರ ರಕ್ತ ಇವರಲ್ಲಿಯೂ ಹರಿಯುತ್ತಿದೆ, ಆದ್ದರಿಂದ ಒಲಿಂಪಿಕ್ ಪದಕ ದೊರೆಯುವುದೆಂಬುದೇ ಯೋಜನೆಯ ಹಿಂದಿನ ತರ್ಕ. ನನಗೆ ಈ ತರ್ಕ ಅಷ್ಟಾಗಿ ರುಚಿಸದು. ಯಾವ ಮೈಬಣ್ಣಕ್ಕಾಗಿ ಅವರನ್ನು ಹಳಿದರೋ ಅದೇ ಮೈಬಣ್ಣಕ್ಕಾಗಿ ಆರಿಸಿದರು. ಎರಡರಲ್ಲಿಯೂ ಬಾಲಕನ ಮುಖವನ್ನು ಯಾರೂ ನೋಡಿದಂತಿಲ್ಲ. ಆದರೂ ಫಲ ಸಣ್ಣದಲ್ಲ. ಹೊಟ್ಟೆತುಂಬ ಊಟ, ಕಾಲಿಗೆ ಬೂಟು, ಗುರುವಿನ ಶಿಸ್ತು, ಎಲ್ಲಕ್ಕಿಂತ ಮಿಗಿಲಾಗಿ ತಮ್ಮ ಹೆಸರನ್ನು ಧ್ವನಿವರ್ಧಕದಲ್ಲಿ ಗೌರವದಿಂದ ಕರೆಯುವುದನ್ನು ಕೇಳುವ ಭಾಗ್ಯ! ಹಲವರು ರಾಷ್ಟ್ರಮಟ್ಟದಲ್ಲಿ ಪದಕ ಗಳಿಸಿದರು. ತಾಲ್ಲೂಕನ್ನೇ ದಾಟದ ಹಿರಿಯರಿಗೆ ತಮ್ಮ ಮಗಳು ರಾಜ್ಯದ ಪರವಾಗಿ ಓಡಿದಳೆಂಬುದು ಹೊಸ ಬಗೆಯ ಸುದ್ದಿ.

1993ರಲ್ಲಿ ಯೋಜನೆ ನಿಂತಿತು. ಗಿಡ ನೆಟ್ಟು ಆರೇ ವರ್ಷಕ್ಕೆ ಹಣ್ಣಿಲ್ಲವೆಂದು ನೀರು ನಿಲ್ಲಿಸಿದ ಹಾಗಾಯಿತು. ಕೆಲವರಿಗೆ ಕ್ರೀಡೆಯ ಬಲದಿಂದ ಸರ್ಕಾರಿ ನೌಕರಿ ದೊರೆಯಿತು; ಉಳಿದವರು ಊರಿಗೆ ಮರಳಿ ಕೂಲಿಗೆ ನಿಂತರು. ಮುಂದೆ ಪಾಲಕರು ಮಕ್ಕಳನ್ನು ಮೈದಾನಕ್ಕೆ ಕಳಿಸಲು ಹಿಂಜರಿದರೆ ಅದರಲ್ಲಿ ಅವರ ತಪ್ಪೇನು?

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಅವರಲ್ಲೊಬ್ಬರು, ಶ್ರೀ ಶಾಂತಾರಾಮ ಸಿದ್ದಿಯವರು, ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಓಟವೂ ಪೂರ್ಣ ನಿಲ್ಲಲಿಲ್ಲ. ಹಳಿಯಾಳದ ಕುಸ್ತಿಯ ಮಣ್ಣಿನಲ್ಲಿ ಸಿದ್ದಿ ಹೆಣ್ಣುಮಕ್ಕಳೂ ಪಟ್ಟು ಕಲಿತಿದ್ದಾರೆ. ಮುಂಡಗೋಡದಲ್ಲಿ ಸ್ವಯಂಸೇವಾ ಸಂಸ್ಥೆಯೊಂದು, ಮಕ್ಕಳನ್ನು ದೂರದ ನಗರಕ್ಕೆ ಕರೆದೊಯ್ಯದೆ, ಅವರ ಊರುಗಳ ಸಮೀಪದಲ್ಲಿಯೇ ಓಟ ಕಲಿಸತೊಡಗಿತು.