ಒಂದು ಪಾಠ ಮುಚ್ಚಿಸಿದ ಸಾರಾಯಿ ಅಂಗಡಿ



ಕಳೆದ ವರ್ಷ ಹತ್ತನೇ ತರಗತಿಯ ಬೀಳ್ಕೊಡುಗೆ ಮುಗಿದ ಸಂಜೆ ನಮ್ಮ ಮೂವರು ಹುಡುಗರು ಕೆರೆಕಟ್ಟೆಯ ಹಿಂದೆ ಕುಡಿದು ಸಿಕ್ಕಿಬಿದ್ದರು. ಹಿರಿಯರನ್ನು ಕರೆಸಿದೆವು. ಅವರಲ್ಲೊಬ್ಬರು, "ಒಂದು ಬೀರು ತಾನೇ ಮೇಷ್ಟ್ರೇ, ವಯಸ್ಸಿನ ಹುಡುಗ್ರು..." ಎಂದು ನಕ್ಕುಬಿಟ್ಟರು. ನಮಗೆ ನಗು ಬರಲಿಲ್ಲ. ಮರುದಿನ ತರಗತಿಯಲ್ಲಿ ಬೈಗುಳದ ಬದಲು ಇತಿಹಾಸ ಹೇಳಿದೆವು. ಅದನ್ನೇ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು, ಮದ್ರಾಸಿನ ಆಡಳಿತಕ್ಕೆ ಸೇರಿದ್ದವು. ಅಲ್ಲಿ ರಾಜಾಜಿಯವರು 1937ರಲ್ಲಿ ಮೊದಲು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದರು. 1948ರ ಗಾಂಧಿ ಜಯಂತಿಯ ಹೊತ್ತಿಗೆ ಅದು ಇಡೀ ಪ್ರಾಂತ್ಯಕ್ಕೆ ಹಬ್ಬಿತು. ಆಮೇಲೆ ನಿಷೇಧ ಸಡಿಲವಾಯಿತು. 1980ರ ದಶಕದಲ್ಲಂತೂ ಆಂಧ್ರ ಸರ್ಕಾರವೇ ಸಾರಾಯಿಯನ್ನು ಪ್ಯಾಕೆಟ್ಟುಗಳಲ್ಲಿ ಹಳ್ಳಿಹಳ್ಳಿಗೆ ತಲುಪಿಸಿತು. ಕೂಲಿಯ ದುಡ್ಡು ಮನೆ ಸೇರುವ ಮೊದಲೇ ಅಂಗಡಿ ಸೇರುತ್ತಿತ್ತು.

ಆಗ ನೆಲ್ಲೂರು ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರ ಕಲಿಯಲು ರಾತ್ರಿ ಶಾಲೆಗೆ ಬಂದ ಹೆಂಗಸರ ವಾಚಕದಲ್ಲಿ ಊರಿನ ಹೆಂಗಸರೆಲ್ಲ ಸೇರಿ ಸಾರಾಯಿ ಅಂಗಡಿ ಮುಚ್ಚಿಸಿದ ಕಥೆಯೊಂದಿತ್ತು. ದೂಬಗುಂಟ ಎಂಬ ಊರಿನಲ್ಲಿ ಹೆಂಗಸರು ಆ ಕಥೆಯನ್ನು ಓದಿ ಸುಮ್ಮನಾಗಲಿಲ್ಲ. ರೋಶಮ್ಮ ಮೊದಲಾದವರ ಮುಂದಾಳತ್ವದಲ್ಲಿ ತಮ್ಮೂರಿನ ಸಾರಾಯಿ ಮಾರಾಟವನ್ನೇ ನಿಲ್ಲಿಸಿದರು! 1992ರಲ್ಲಿ ಈ ಕಿಚ್ಚು ಇಡೀ ಜಿಲ್ಲೆಗೆ ಹರಡಿ ಸಾರಾಯಿ ಹರಾಜುಗಳು ನಿಂತವು. 1993ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 1995ರಲ್ಲಿ ಎನ್.ಟಿ. ರಾಮರಾವ್ ಅವರ ಸರ್ಕಾರ ಸಂಪೂರ್ಣ ಪಾನನಿಷೇಧ ತಂದಿತು.

ಆದರೆ 1997ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಖಜಾನೆಗೆ ನಷ್ಟ, ನೆರೆರಾಜ್ಯಗಳಿಂದ ಕಳ್ಳಸಾಗಣೆ ಎಂಬ ಕಾರಣಗಳು ಕೇಳಿಬಂದವು. ಗಡಿಯಲ್ಲಿರುವ ನಮಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಒಂದು ಕಡೆ ಬೆಲೆ ಹೆಚ್ಚಾದರೆ ಇನ್ನೊಂದು ಕಡೆಯಿಂದ ಚೀಲಗಳಲ್ಲಿ ಸರಕು ಬರುತ್ತದೆ. ಆ ಚೀಲ ಮಕ್ಕಳ ಕೈಗೆ ಹೋಗಬಾರದು. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಮಕ್ಕಳಿಗೆ ಮದ್ಯ ಕೊಟ್ಟವರಿಗೂ, ಮಕ್ಕಳಿಂದ ಮದ್ಯ ಸಾಗಿಸಿದವರಿಗೂ 7 ವರ್ಷದವರೆಗೆ ಶಿಕ್ಷೆ, 1 ಲಕ್ಷ ರೂಪಾಯಿವರೆಗೆ ದಂಡ ಉಂಟು. "ಒಂದು ಬೀರು ತಾನೇ" ಎನ್ನುವ ಹಿರಿಯರು ಇದನ್ನು ತಿಳಿದಿರಲಿ.

ಹುಡುಗರಿಗೂ ಕೆಲವು ಮಾತು. ಮಿದುಳು ಸುಮಾರು 25ನೇ ವಯಸ್ಸಿನವರೆಗೂ ಬೆಳೆಯುತ್ತಿರುತ್ತದೆ. ನೆನಪು, ವಿವೇಕ ಇವೆಲ್ಲ ಬಲಿಯುವ ಕಾಲದಲ್ಲೇ ಮದ್ಯ ಅದಕ್ಕೆ ಪೆಟ್ಟು ಕೊಡುತ್ತದೆ. 15 ವರ್ಷಕ್ಕೂ ಮೊದಲು ಶುರುಮಾಡಿದವರು ಮುಂದೆ ಚಟಕ್ಕೆ ಬೀಳುವ ಸಾಧ್ಯತೆ ಹೆಚ್ಚು. ಕುಡಿದು ಬೈಕ್ ಏರಿದರೆ, ಬಾವಿಗಿಳಿದರೆ ಏನಾಗುತ್ತದೆಂದು ನಾವು ಬಿಡಿಸಿ ಹೇಳಬೇಕಿಲ್ಲ. ಕಳ್ಳಭಟ್ಟಿಯಲ್ಲಿ ಮೆಥನಾಲ್ ಬೆರೆತಿದ್ದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. 1981ರಲ್ಲಿ ಬೆಂಗಳೂರಿನ ವಿಷಮದ್ಯ ದುರಂತ 300ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

ಗೆಳೆಯನೊಬ್ಬ ಕುಡಿದು ಎಚ್ಚರ ತಪ್ಪಿದರೆ, ಬೈಸಿಕೊಳ್ಳುವ ಭಯಕ್ಕೆ ಅವನನ್ನು ಮಲಗಲು ಬಿಟ್ಟು ಓಡಬೇಡಿ. ಮಗ್ಗುಲಾಗಿ ಮಲಗಿಸಿ, ಇಲ್ಲದಿದ್ದರೆ ವಾಂತಿ ಗಂಟಲಿಗೆ ಸಿಕ್ಕಿ ಉಸಿರು ಕಟ್ಟಬಹುದು. ಕೂಡಲೇ 108ಕ್ಕೆ ಕರೆ ಮಾಡಿ. ನಮಗೂ ತಿಳಿಸಿ. ನಾವು ಮೊದಲು ಬರುತ್ತೇವೆ, ಬೈಯುವುದು ಆಮೇಲೆ.

ಸರ್ಕಾರಗಳು ತಂದ ನಿಷೇಧ ಬಂತು, ಹೋಯಿತು. ದೂಬಗುಂಟದ ಹೆಂಗಸರು ಮಾತ್ರ ತಡವಾಗಿ ಅಕ್ಷರ ಕಲಿತು, ಓದಿದ ಒಂದೇ ಪಾಠವನ್ನು ನಿಜವೆಂದು ನಂಬಿ ನಡೆದರು. ನಮ್ಮ ಮಕ್ಕಳು ಹತ್ತು ವರ್ಷ ಪಾಠ ಓದಿರುತ್ತಾರೆ. ಅವುಗಳಲ್ಲಿ ಒಂದನ್ನಾದರೂ ಹಾಗೆ ನಂಬುವಂತೆ ಕಲಿಸಿದ್ದೇವೆಯೇ? ಆ ಸಂಜೆಯಿಂದ ನಾವು ನಮ್ಮನ್ನೇ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದು. ನೀವೂ ನಿಮ್ಮ ಶಾಲೆಯಲ್ಲಿ, ಮನೆಯಲ್ಲಿ ಕೇಳಿಕೊಳ್ಳಿ.