ಬಾದಾಮಿಯ ವರ್ಣಶೇಷ

ರೋಣ ಸೀಮೆಯ ನೆರೆಯಲ್ಲಿರುವ ಬಾದಾಮಿಯ ಶಿಲ್ಪಗಳು ಜಗತ್ಪ್ರಸಿದ್ಧವಾಗಿರುವವು. ಅಲ್ಲಿಯ ಚಿತ್ರಗಳ ಕಡೆಗೆ ದೃಷ್ಟಿ ಹಾಯಿಸುವವರು ವಿರಳ. ಚಾಲುಕ್ಯ ಮಂಗಲೇಶನು ತನ್ನ ಅಣ್ಣನಾದ ಕೀರ್ತಿವರ್ಮನ ಆಳಿಕೆಯಲ್ಲಿ, ಶಕ ೫೦೦ರಲ್ಲಿ, ಅರ್ಥಾತ್ ಕ್ರಿ. ಶ. ೫೭೮ರಲ್ಲಿ, ಪೂರೈಸಿದ ವಿಷ್ಣುಗೃಹವೇ ಮೂರನೆಯ ಗುಹೆ. ಅದರ ಮುಂಚಾಚಿನ ಒಳಮೈಯಲ್ಲಿ ಅರಮನೆಯ ನೃತ್ಯಗೋಷ್ಠಿಯೇ ಮೊದಲಾದ ಚಿತ್ರಗಳ ಅವಶೇಷಗಳಿರುವವು. ಕಾಲವು ಬಹುಭಾಗವನ್ನು ಅಳಿಸಿರುವದರಿಂದ ಕೆಲವೇ ರೇಖೆಗಳು, ಕೆಲವೇ ವರ್ಣಗಳು ಉಳಿದಿರುವವು. ಆದರೂ ಆ ದೃಶ್ಯದ ಲಾಲಿತ್ಯವು ಅಳಿದಿಲ್ಲ.

ವರ್ಣವು ಭಾವದ ವಾಹನವೆಂಬುದನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಭರತನ ನಾಟ್ಯಶಾಸ್ತ್ರವು ಶೃಂಗಾರಕ್ಕೆ ಶ್ಯಾಮವನ್ನೂ, ಹಾಸ್ಯಕ್ಕೆ ಬಿಳುಪನ್ನೂ, ರೌದ್ರಕ್ಕೆ ಕೆಂಪನ್ನೂ, ಅದ್ಭುತಕ್ಕೆ ಹಳದಿಯನ್ನೂ, ಕರುಣಕ್ಕೆ ಪಾರಿವಾಳದ ಬೂದುಬಣ್ಣವನ್ನೂ ಹೇಳಿರುವದು. ಇಂದು ಗಣಕಯಂತ್ರದ ತೆರೆಯ ಮೇಲೆ ಮೂರು ನಾಲ್ಕು ವರ್ಣಗಳಿಂದಲೇ ಮನೋಭಾವವನ್ನು ಮೂಡಿಸುವ ಚಿತ್ರಕಾರನೂ ಇದೇ ಮಾರ್ಗದ ಪಥಿಕನು. ಆದರೆ ಒಂದು ಭೇದವುಂಟು. ಅವನ ಚಿತ್ರದ ಬಣ್ಣ ಕೆಟ್ಟರೆ ಮರಳಿ ತುಂಬಬಹುದು. ಗುಹೆಯ ಬಣ್ಣ ಉದುರಿದರೆ ಉದುರಿದಂತೆಯೇ. ಸ್ವಲ್ಪ ಬಣ್ಣವೂ ಇಷ್ಟು ಭಾವವನ್ನು ಹೊತ್ತಿರುವಾಗ, ಉಳಿದ ಒಂದೊಂದು ಕಣವೂ ರಕ್ಷಣಾರ್ಹವಾದ ಚರಿತ್ರೆಯೇ ಸರಿ. ಬಾದಾಮಿಗೆ ಹೋದವರು ಮಕ್ಕಳಿಗೆ ಕಂಬಗಳ ಕೆತ್ತನೆಯೊಡನೆ ಆ ಮಾಸಿದ ವರ್ಣಗಳನ್ನೂ ತಲೆಯೆತ್ತಿ ನೋಡಲು ಕಲಿಸಬೇಕು.